ಓರಲ್ ಟ್ಯೂರಿನಾಬಾಲ್

ಓರಲ್ ಟ್ಯೂರಿನಾಬಾಲ್ ಎಂಬುದು ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನಿನ ಅಣುರಚನೆಯನ್ನು ಮಾರ್ಪಡಿಸಿ ತಯಾರಿಸಿದ ಒಂದು ಸಂಶ್ಲೇಷಿತ ಅನಬಾಲಿಕ್ ಸ್ಟೀರಾಯ್ಡ್. ಇದರ ರಾಸಾಯನಿಕ ಹೆಸರು ಡಿಹೈಡ್ರೋಕ್ಲೋರ್‌ಮೀಥೈಲ್‌ಟೆಸ್ಟೋಸ್ಟಿರೋನ್. ಪೂರ್ವ ಜರ್ಮನಿಯ ಯೇನಾ ನಗರದಲ್ಲಿದ್ದ ಯೇನಾಫಾರ್ಮ್ ಎಂಬ ಸರ್ಕಾರಿ ಔಷಧ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿತು. 1965ರಲ್ಲಿ ಇದು ವೈದ್ಯಕೀಯ ಬಳಕೆಗೆ ಬಂದಿತು.

ದೀರ್ಘಕಾಲದ ಕಾಯಿಲೆಯಿಂದ ಕೃಶರಾದ ರೋಗಿಗಳಿಗೆ ಶಕ್ತಿ ತುಂಬುವುದು ಇದರ ಘೋಷಿತ ಉದ್ದೇಶವಾಗಿತ್ತು. ಆದರೆ ಇದು ಪ್ರಸಿದ್ಧವಾದದ್ದು, ಸರಿಯಾಗಿ ಹೇಳುವುದಾದರೆ ಕುಪ್ರಸಿದ್ಧವಾದದ್ದು, ಬೇರೆಯೇ ಕಾರಣಕ್ಕೆ. ಸುಮಾರು ಎರಡು ದಶಕಗಳ ಕಾಲ ಪೂರ್ವ ಜರ್ಮನಿಯ ಆಡಳಿತವು ಸಾವಿರಾರು ಕ್ರೀಡಾಪಟುಗಳಿಗೆ ಈ ಮಾತ್ರೆಯನ್ನು ಗುಟ್ಟಾಗಿ ನೀಡಿತು. ಅವರಲ್ಲಿ ಅನೇಕರು ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯರಾಗಿದ್ದರು. ತಾವು ನುಂಗುತ್ತಿರುವುದು ಏನೆಂಬುದು ಅವರಿಗಾಗಲಿ ಅವರ ತಂದೆತಾಯಿಗಳಿಗಾಗಲಿ ತಿಳಿದಿರಲಿಲ್ಲ.

ಹೆಸರು

ಯೇನಾಫಾರ್ಮ್ ಸಂಸ್ಥೆಯು ನ್ಯಾಂಡ್ರೊಲೋನ್ ಎಂಬ ಮತ್ತೊಂದು ಸ್ಟೀರಾಯ್ಡನ್ನು ಚುಚ್ಚುಮದ್ದಿನ ರೂಪದಲ್ಲಿ ‘ಟ್ಯೂರಿನಾಬಾಲ್’ ಎಂಬ ಹೆಸರಿನಿಂದ ಮಾರುತ್ತಿತ್ತು. ಬಾಯಿಯ ಮೂಲಕ ಸೇವಿಸುವ ಹೊಸ ಔಷಧಕ್ಕೆ ‘ಓರಲ್’ ಎಂಬ ವಿಶೇಷಣ ಸೇರಿತು. ಇವೆರಡೂ ಬೇರೆ ಬೇರೆ ರಾಸಾಯನಿಕಗಳಾದರೂ, ಇಂದು ಕ್ರೀಡಾ ವರದಿಗಳಲ್ಲಿ ಬರಿಯ ‘ಟ್ಯೂರಿನಾಬಾಲ್’ ಎಂದರೆ ಸಾಮಾನ್ಯವಾಗಿ ಈ ಮಾತ್ರೆ ಎಂದೇ ಅರ್ಥ. ಮಾತ್ರೆಗಳು ಎರಡು ಪ್ರಮಾಣಗಳಲ್ಲಿ ಬರುತ್ತಿದ್ದವು: 1 ಮಿಲಿಗ್ರಾಂನದು ಗುಲಾಬಿ ಬಣ್ಣ, 5 ಮಿಲಿಗ್ರಾಂನದು ನೀಲಿ ಬಣ್ಣ. ಪೂರ್ವ ಜರ್ಮನಿಯ ಮಾಜಿ ಕ್ರೀಡಾಪಟುಗಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುವುದು ಆ ನೀಲಿ ಮಾತ್ರೆ.

ರಾಸಾಯನಿಕ ಸ್ವರೂಪ

ಈ ಸಂಯುಕ್ತದ ಒಂದು ಅಣುವಿನಲ್ಲಿ ಇಂಗಾಲದ 20, ಜಲಜನಕದ 27, ಆಮ್ಲಜನಕದ 2 ಮತ್ತು ಕ್ಲೋರಿನ್ನಿನ 1 ಪರಮಾಣು ಇವೆ. ಇದರ ಮೋಲಾರ್ ದ್ರವ್ಯರಾಶಿ ಸುಮಾರು 334.9 ಗ್ರಾಂ.

ಟೆಸ್ಟೋಸ್ಟಿರೋನ್ ಅಣುವಿಗೆ ಇಲ್ಲಿ ಮೂರು ಬದಲಾವಣೆಗಳನ್ನು ಮಾಡಲಾಗಿದೆ. ಒಂದೊಂದಕ್ಕೂ ಒಂದೊಂದು ಉದ್ದೇಶವಿದೆ. ಟೆಸ್ಟೋಸ್ಟಿರೋನನ್ನು ಹಾಗೆಯೇ ನುಂಗಿದರೆ ಅದರ ಬಹುಭಾಗ ಯಕೃತ್ತಿನಲ್ಲಿಯೇ ನಾಶವಾಗಿ ರಕ್ತಕ್ಕೆ ಸೇರುವುದೇ ಇಲ್ಲ. ಹದಿನೇಳನೆಯ ಇಂಗಾಲದ ಸ್ಥಾನದಲ್ಲಿ ಒಂದು ಮೀಥೈಲ್ ಗುಂಪನ್ನು ಸೇರಿಸಿದಾಗ ಈ ನಾಶ ತಪ್ಪುತ್ತದೆ ಮತ್ತು ಮಾತ್ರೆಯ ರೂಪದಲ್ಲಿ ಔಷಧ ಕೊಡಲು ಸಾಧ್ಯವಾಗುತ್ತದೆ. ಯಕೃತ್ತಿಗೆ ಹಾನಿ ತರುವುದೂ ಇದೇ ಮಾರ್ಪಾಡು. ನಾಲ್ಕನೆಯ ಸ್ಥಾನದಲ್ಲಿ ಸೇರಿಸಿದ ಕ್ಲೋರಿನ್ ಪರಮಾಣುವಿನಿಂದ ಈ ಸಂಯುಕ್ತವು ದೇಹದೊಳಗೆ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನಾಗಿ ಮಾರ್ಪಡುವುದು ತಪ್ಪುತ್ತದೆ. ಮೊದಲ ಮತ್ತು ಎರಡನೆಯ ಇಂಗಾಲಗಳ ನಡುವೆ ಇರಿಸಿದ ಜೋಡಿಬಂಧವು ಸ್ನಾಯು ಕಟ್ಟುವ ಗುಣವನ್ನು ಉಳಿಸಿಕೊಂಡು ಪುರುಷ ಲಕ್ಷಣಗಳನ್ನು ಉಂಟುಮಾಡುವ ಗುಣವನ್ನು ಕೊಂಚ ತಗ್ಗಿಸುತ್ತದೆ. ಕ್ಲೊಸ್ಟೆಬಾಲ್ ಮತ್ತು ಮೆಟಾನ್‌ಡಿನೋನ್ ಎಂಬ ಎರಡು ಸ್ಟೀರಾಯ್ಡ್‌ಗಳ ರಚನೆಗಳು ಇದರಲ್ಲಿ ಕೂಡಿಕೊಂಡಿವೆ ಎಂದು ಸ್ಥೂಲವಾಗಿ ಹೇಳಬಹುದು.

‘ತಗ್ಗಿಸುತ್ತದೆ’ ಎಂದರೆ ‘ಇಲ್ಲವಾಗಿಸುತ್ತದೆ’ ಎಂದಲ್ಲ. ಸ್ನಾಯುವನ್ನು ಮಾತ್ರ ಬೆಳೆಸಿ ಪುರುಷ ಲಕ್ಷಣಗಳನ್ನು ಸಂಪೂರ್ಣವಾಗಿ ಬಿಟ್ಟುಬಿಡುವ ಸ್ಟೀರಾಯ್ಡನ್ನು ಈವರೆಗೆ ಯಾರೂ ತಯಾರಿಸಿಲ್ಲ. ಮುಂದೆ ನಡೆದ ಅನಾಹುತದ ಬೇರು ಇಲ್ಲಿದೆ.

ಹಿನ್ನೆಲೆ

ಟೆಸ್ಟೋಸ್ಟಿರೋನನ್ನು 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಎರ್ನ್ಸ್ಟ್ ಲಾಕರ್ ಅವರ ತಂಡ ಮೊದಲಿಗೆ ಪ್ರತ್ಯೇಕಿಸಿತು. ಅದೇ ವರ್ಷ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿದ್ದ ಲಿಯೋಪೋಲ್ಡ್ ರುಝಿಚ್ಕ ಅದನ್ನು ಬೇರೆ ಬೇರೆಯಾಗಿ ಪ್ರಯೋಗಾಲಯದಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು. ಎರಡನೆಯ ಮಹಾಯುದ್ಧದ ನಂತರ ಔಷಧ ಕಂಪನಿಗಳು ಈ ಹಾರ್ಮೋನಿನ ಮಾರ್ಪಡಿಸಿದ ರೂಪಗಳಿಗಾಗಿ ಸ್ಪರ್ಧೆಗಿಳಿದವು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಡಯನಾಬಾಲ್ 1958ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ, ಜಾನ್ ಝೀಗ್ಲರ್ ಎಂಬ ವೈದ್ಯರು ಅದನ್ನು ಪೆನ್ಸಿಲ್ವೇನಿಯದ ಯಾರ್ಕ್ ಪಟ್ಟಣದ ಭಾರ ಎತ್ತುವ ಪಟುಗಳಿಗೆ ನೀಡಿದರು. ಕ್ರೀಡೆಯಲ್ಲಿ ಸ್ಟೀರಾಯ್ಡ್ ಬಳಕೆ ಕಮ್ಯುನಿಸ್ಟ್ ದೇಶಗಳಲ್ಲಷ್ಟೇ ಇತ್ತು ಎಂಬ ತಿಳಿವಳಿಕೆ ಆದ್ದರಿಂದ ಸರಿಯಲ್ಲ. ಪೂರ್ವ ಜರ್ಮನಿಯನ್ನು ಬೇರೆಯಾಗಿಸುವುದು ಬಳಕೆಯ ವ್ಯವಸ್ಥೆ: ಅಲ್ಲಿ ಅದು ವ್ಯಕ್ತಿಗಳ ಗುಟ್ಟಿನ ಅಭ್ಯಾಸವಾಗಿರದೆ ಸರ್ಕಾರದ ಯೋಜನೆಯಾಗಿತ್ತು.

ಯೇನಾಫಾರ್ಮ್ 1950ರಲ್ಲಿ ಸರ್ಕಾರಿ ಸ್ವಾಮ್ಯದ ಉದ್ಯಮವಾಗಿ ಸ್ಥಾಪನೆಯಾಯಿತು. ಸೂಕ್ಷ್ಮಜೀವಿ ವಿಜ್ಞಾನಿ ಹಾನ್ಸ್ ಕ್ನ್ಯೋಲ್ ಅವರ ಪೆನಿಸಿಲಿನ್ ಸಂಶೋಧನೆ ಅದರ ಮೂಲ. ಸ್ಟೀರಾಯ್ಡ್ ರಸಾಯನದಲ್ಲಿ ಅದು ಪರಿಣತಿ ಗಳಿಸಿತ್ತು. ಪೂರ್ವ ಜರ್ಮನಿಯ ಮೊದಲ ಗರ್ಭನಿರೋಧಕ ಮಾತ್ರೆ ಓವೊಸಿಸ್ಟನ್ ಕೂಡ ಇದೇ ಕಾರ್ಖಾನೆಯಿಂದ, ಓರಲ್ ಟ್ಯೂರಿನಾಬಾಲ್ ಬಂದ 1965ರಲ್ಲಿಯೇ ಹೊರಬಂದಿತು.

ವೈದ್ಯಕೀಯ ಬಳಕೆ

ಶಸ್ತ್ರಚಿಕಿತ್ಸೆಯ ನಂತರದ ನಿತ್ರಾಣ, ಸ್ನಾಯುಗಳು ಕರಗುವ ಕಾಯಿಲೆಗಳು, ಮೂಳೆ ಸವೆತ ಮೊದಲಾದ ಸ್ಥಿತಿಗಳಲ್ಲಿ ವೈದ್ಯರು ಇದನ್ನು ಬರೆದುಕೊಡುತ್ತಿದ್ದರು. ಮಕ್ಕಳಿಗೂ ಮಹಿಳೆಯರಿಗೂ ಸೂಕ್ತವೆಂದು ಆಗ ಭಾವಿಸಲಾಗಿತ್ತು. ಜರ್ಮನಿಯ ಏಕೀಕರಣದ ಬಳಿಕ, 1994ರಲ್ಲಿ ಯೇನಾಫಾರ್ಮ್ ಇದರ ತಯಾರಿಕೆಯನ್ನು ನಿಲ್ಲಿಸಿತು. ಇಂದು ಕಳ್ಳಮಾರುಕಟ್ಟೆಯಲ್ಲಿ ಈ ಹೆಸರಿನಲ್ಲಿ ಸಿಗುವ ಮಾತ್ರೆಗಳು ಆ ಕಾರ್ಖಾನೆಯವಲ್ಲ. ಅವುಗಳೊಳಗೆ ನಿಜವಾಗಿ ಏನಿದೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ.

ದೇಹದ ಮೇಲಿನ ಪರಿಣಾಮಗಳು

ಔಷಧವು ಜೀವಕೋಶಗಳಲ್ಲಿರುವ ಆಂಡ್ರೊಜೆನ್ ಗ್ರಾಹಿಗಳಿಗೆ ಅಂಟಿಕೊಂಡು ಪ್ರೋಟೀನ್ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಇದರಿಂದ ಸ್ನಾಯು ಬೆಳೆಯುತ್ತದೆ, ಕಠಿಣ ತರಬೇತಿಯ ಆಯಾಸದಿಂದ ದೇಹ ಬೇಗ ಚೇತರಿಸಿಕೊಳ್ಳುತ್ತದೆ. ರಕ್ತದಲ್ಲಿ ಇದರ ಅರ್ಧಾಯುಷ್ಯ ಸುಮಾರು 16 ಗಂಟೆ.

ಹೊರಗಿನಿಂದ ಹಾರ್ಮೋನು ಬರತೊಡಗಿದಾಗ ದೇಹವು ತನ್ನ ಉತ್ಪಾದನೆಯನ್ನು ತಗ್ಗಿಸುತ್ತದೆ. ಪುರುಷರಲ್ಲಿ ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ರಕ್ತದಲ್ಲಿನ ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆಯಾಗಿ ಹೃದಯಕ್ಕೆ ಅಪಾಯ ಹೆಚ್ಚುತ್ತದೆ. ಯಕೃತ್ತಿನ ಹಾನಿ ಸ್ತ್ರೀಪುರುಷರಿಬ್ಬರಿಗೂ ತಪ್ಪಿದ್ದಲ್ಲ. ಬೆಳೆಯುವ ಮಕ್ಕಳಲ್ಲಿ ಎಲುಬಿನ ತುದಿಗಳು ಅವಧಿಗೆ ಮುನ್ನವೇ ಗಟ್ಟಿಯಾಗಿ ಎತ್ತರ ನಿಂತುಹೋಗಬಹುದು.

ಮಹಿಳೆಯರ ದೇಹದಲ್ಲಿ ಸ್ವಾಭಾವಿಕವಾಗಿ ಇರುವ ಟೆಸ್ಟೋಸ್ಟಿರೋನ್ ಅತ್ಯಲ್ಪ. ಆದ್ದರಿಂದ ಸಣ್ಣ ಪ್ರಮಾಣದ ಔಷಧವೂ ಅವರಲ್ಲಿ ದೊಡ್ಡ ಬದಲಾವಣೆ ತರುತ್ತದೆ. ಕ್ರೀಡಾ ಸಾಮರ್ಥ್ಯ ಬೇಗ ಏರುತ್ತದೆ, ಹಾನಿಯೂ ಅಷ್ಟೇ ಬೇಗ ತಲೆದೋರುತ್ತದೆ. ಧ್ವನಿ ಒಡೆದು ಗಡಸಾಗುವುದು, ಮುಖ ಮತ್ತು ಮೈಮೇಲೆ ಕೂದಲು ಬೆಳೆಯುವುದು, ಮೊಡವೆ, ಮುಟ್ಟು ತಪ್ಪುವುದು, ಜನನಾಂಗದ ಬದಲಾವಣೆ, ಬಂಜೆತನ ಮುಖ್ಯವಾದವು. ಔಷಧ ನಿಲ್ಲಿಸಿದರೆ ಇವುಗಳಲ್ಲಿ ಕೆಲವು ಹಿಂದಿರುಗುತ್ತವೆ. ಗಡಸಾದ ಧ್ವನಿ ಮಾತ್ರ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಪೂರ್ವ ಜರ್ಮನಿಯ ಕ್ರೀಡಾ ಯೋಜನೆಯಲ್ಲಿ

ಸುಮಾರು 1.7 ಕೋಟಿ ಜನಸಂಖ್ಯೆಯ ಪೂರ್ವ ಜರ್ಮನಿಗೆ ಕ್ರೀಡೆಯು ಜಗತ್ತಿನ ಮನ್ನಣೆ ಗಳಿಸುವ ದಾರಿಯಾಗಿತ್ತು. ಪಶ್ಚಿಮ ಜರ್ಮನಿಯೊಂದಿಗಿನ ಪೈಪೋಟಿ ಇದಕ್ಕೆ ಇನ್ನಷ್ಟು ಕಾವು ಕೊಟ್ಟಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ದಕ್ಕಿದ ಚಿನ್ನದ ಪದಕಗಳು 9. 1972ರ ಮ್ಯೂನಿಕ್‌ನಲ್ಲಿ 20, 1976ರ ಮಾಂಟ್ರಿಯಲ್‌ನಲ್ಲಿ 40. ಮಾಂಟ್ರಿಯಲ್‌ನಲ್ಲಿ ಅಮೆರಿಕಕ್ಕೆ ಬಂದದ್ದು 34.

ಪುರುಷ ಕ್ರೀಡಾಪಟುಗಳಿಗೆ ಮಾತ್ರೆ ಕೊಡುವುದು 1960ರ ದಶಕದ ಮಧ್ಯಭಾಗದಲ್ಲಿ ಆರಂಭವಾಯಿತು. ಮಹಿಳೆಯರಲ್ಲಿ ಮೊದಲ ಪ್ರಯೋಗಗಳು ನಡೆದದ್ದು 1968ರಲ್ಲಿ. ಗುಂಡು ಎಸೆತದ ಮಾರ್ಗಿಟಾ ಗುಮ್ಮೆಲ್ ಅವರಿಗೆ ಆ ವರ್ಷದ ಬೇಸಿಗೆಯಿಂದ ಓರಲ್ ಟ್ಯೂರಿನಾಬಾಲ್ ನೀಡಿದ್ದು ನಂತರ ದೊರೆತ ಗುಪ್ತ ದಾಖಲೆಗಳಲ್ಲಿದೆ. ಅಕ್ಟೋಬರ್‌ನಲ್ಲಿ ಅವರು ಮೆಕ್ಸಿಕೊದಲ್ಲಿ 19.61 ಮೀಟರ್ ದೂರ ಎಸೆದು ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಫಲಿತಾಂಶ ಕಂಡ ಅಧಿಕಾರಿಗಳಿಗೆ ಮುಂದಿನ ದಾರಿ ಸ್ಪಷ್ಟವಾಯಿತು.

1974ರಲ್ಲಿ ಆಡಳಿತ ಪಕ್ಷದ ಉನ್ನತ ಮಟ್ಟದಲ್ಲಿ ‘ರಾಜ್ಯ ಯೋಜನಾ ವಿಷಯ 14.25’ ಎಂಬ ಹೆಸರಿನಲ್ಲಿ ಈ ಕಾರ್ಯಕ್ರಮಕ್ಕೆ ಒಪ್ಪಿಗೆ ದೊರೆಯಿತು. ಕ್ರೀಡಾ ಒಕ್ಕೂಟದ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ಕ್ರೀಡಾ ವೈದ್ಯಕೀಯ ಸೇವೆಯ ಉಪಮುಖ್ಯಸ್ಥ ಡಾ. ಮಾನ್‌ಫ್ರೆಡ್ ಹ್ಯೋಪ್ನರ್ ಇದರ ಸೂತ್ರಧಾರರು. ಲೈಪ್‌ಸಿಗ್‌ನ ಕ್ರೀಡಾ ಸಂಶೋಧನಾ ಸಂಸ್ಥೆ ಪ್ರಯೋಗಗಳನ್ನು ನಡೆಸಿತು, ಯೇನಾಫಾರ್ಮ್ ಔಷಧ ಒದಗಿಸಿತು, ಸ್ಟಾಸಿ ಎಂಬ ಗುಪ್ತ ಪೊಲೀಸ್ ಪಡೆ ಗುಟ್ಟು ಕಾಯಿತು. ಕಡತಗಳಲ್ಲಿ ‘ಡೋಪಿಂಗ್’ ಎಂಬ ಪದವನ್ನು ಬಳಸುತ್ತಿರಲಿಲ್ಲ. ‘ಪೂರಕ ಸಾಧನಗಳು’ ಎಂಬ ನಯವಾದ ಹೆಸರನ್ನು ಇಡಲಾಗಿತ್ತು.

ತರಬೇತುದಾರರು ಮತ್ತು ವೈದ್ಯರು ಗೋಪ್ಯತೆಯ ಮುಚ್ಚಳಿಕೆಗೆ ಸಹಿ ಹಾಕಬೇಕಿತ್ತು. ಕ್ರೀಡಾ ಶಾಲೆಗಳ ಹದಿಮೂರು, ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಮಾತ್ರೆಗಳನ್ನು ‘ವಿಟಮಿನ್’ ಎಂದು ಹೇಳಿ ಕೊಡಲಾಗುತ್ತಿತ್ತು. ತರಬೇತುದಾರರ ಎದುರೇ ನುಂಗಬೇಕಾಗಿದ್ದುದನ್ನು ಅನೇಕರು ಮುಂದೆ ನೆನಪಿಸಿಕೊಂಡಿದ್ದಾರೆ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಹದಿನೈದನೆಯ ವಯಸ್ಸಿಗೆ ಮೂರು ಚಿನ್ನ ಗೆದ್ದ ಈಜುಗಾರ್ತಿ ರಿಕಾ ರೈನಿಷ್ ಇಂತಹವರಲ್ಲಿ ಒಬ್ಬರು. ಅಂಡಾಶಯದ ತೊಂದರೆಯಿಂದಾಗಿ ಅವರು ಹದಿಹರೆಯದಲ್ಲಿಯೇ ಈಜನ್ನು ಬಿಡಬೇಕಾಯಿತು.

ಹ್ಯೋಪ್ನರ್ ಸ್ಟಾಸಿಯ ಗುಪ್ತ ಮಾಹಿತಿದಾರನೂ ಆಗಿದ್ದನು. 1977ರ ಅವನ ವರದಿ ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ದಾಖಲೆ. ನಾಲ್ಕು ವರ್ಷಗಳ ಬಳಕೆಯಿಂದ ಗುಂಡು ಎಸೆತದಲ್ಲಿ ಪುರುಷರಿಗೆ 2.5ರಿಂದ 4 ಮೀಟರ್, ಮಹಿಳೆಯರಿಗೆ 4.5ರಿಂದ 5 ಮೀಟರ್, ಮಹಿಳೆಯರ ಡಿಸ್ಕಸ್ ಎಸೆತದಲ್ಲಿ 11ರಿಂದ 15 ಮೀಟರ್, 400 ಮೀಟರ್ ಓಟದಲ್ಲಿ 4ರಿಂದ 5 ಸೆಕೆಂಡಿನಷ್ಟು ಸುಧಾರಣೆ ಸಾಧ್ಯವೆಂದು ಅದರಲ್ಲಿ ಲೆಕ್ಕ ಹಾಕಲಾಗಿದೆ. ಮಹಿಳೆಯರಲ್ಲಿ ಕಾಣುತ್ತಿದ್ದ ಪುರುಷ ಲಕ್ಷಣಗಳನ್ನೂ ಅದೇ ವರದಿ ದಾಖಲಿಸುತ್ತದೆ. ಹಾನಿಯ ಅರಿವಿಲ್ಲದೆ ಔಷಧ ಕೊಟ್ಟರು ಎಂದು ವಾದಿಸಲು ಈ ವರದಿಯು ಎಡೆಗೊಡುವುದಿಲ್ಲ.

ಈಜಿನಲ್ಲಿ ಬದಲಾವಣೆ ಎಲ್ಲರ ಕಣ್ಣಿಗೂ ಬೀಳುವಂತಿತ್ತು. 1972ರ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಮಹಿಳೆಯರು ಈಜಿನಲ್ಲಿ ಒಂದು ಚಿನ್ನವನ್ನೂ ಗೆದ್ದಿರಲಿಲ್ಲ. ಮರುವರ್ಷ ಬೆಲ್‌ಗ್ರೇಡಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 14ರಲ್ಲಿ 10 ಸ್ಪರ್ಧೆಗಳನ್ನೂ 1976ರಲ್ಲಿ 13ರಲ್ಲಿ 11 ಸ್ಪರ್ಧೆಗಳನ್ನೂ ಗೆದ್ದರು. ಈಜುಗಾರ್ತಿಯರ ಗಡಸು ಧ್ವನಿಯ ಬಗ್ಗೆ ಕೇಳಿದಾಗ, ಅವರು ಬಂದಿರುವುದು ಈಜಲು, ಹಾಡಲು ಅಲ್ಲ ಎಂದು ತಂಡದ ಕಡೆಯವರು ಉತ್ತರಿಸಿದ್ದಾಗಿ ವರದಿಯಾಗಿದೆ. ಅಮೆರಿಕದ ಈಜುಗಾರ್ತಿ ಶರ್ಲಿ ಬಾಬಶಾಫ್ ಮಾಂಟ್ರಿಯಲ್‌ನಲ್ಲಿ ಬಹಿರಂಗವಾಗಿ ಸಂಶಯ ವ್ಯಕ್ತಪಡಿಸಿದರು. ಅವರ ದೇಶದ ಪತ್ರಿಕೆಗಳೇ ಅವರನ್ನು ಸೋಲನ್ನು ಒಪ್ಪಿಕೊಳ್ಳಲಾರದ ಸಿಡುಕಿಯೆಂದು ಹಂಗಿಸಿದವು.

ಪರೀಕ್ಷೆಯಿಂದ ನುಣುಚಿಕೊಂಡ ಬಗೆ

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1975ರಲ್ಲಿ ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು ನಿಷೇಧಿಸಿ, 1976ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಅವುಗಳಿಗಾಗಿ ಪರೀಕ್ಷೆ ನಡೆಸಿತು. ಆದರೂ ಪೂರ್ವ ಜರ್ಮನಿಯ ಒಬ್ಬ ಕ್ರೀಡಾಪಟುವೂ ಒಲಿಂಪಿಕ್ಸ್‌ನಲ್ಲಿ ಸ್ಟೀರಾಯ್ಡ್ ಬಳಸಿ ಸಿಕ್ಕಿಬೀಳಲಿಲ್ಲ. ಸ್ಪರ್ಧೆಗೆ ಕೆಲವು ವಾರಗಳ ಮೊದಲೇ ಮಾತ್ರೆಗಳನ್ನು ನಿಲ್ಲಿಸಿ, ಆಮೇಲಿನ ದಿನಗಳಿಗೆ ಟೆಸ್ಟೋಸ್ಟಿರೋನ್ ಚುಚ್ಚುಮದ್ದು ಕೊಡುತ್ತಿದ್ದುದು ಇದಕ್ಕೆ ಒಂದು ಕಾರಣ. ಟೆಸ್ಟೋಸ್ಟಿರೋನ್ ದೇಹದಲ್ಲಿ ಸಹಜವಾಗಿಯೇ ಇರುವುದರಿಂದ ಅದನ್ನು ಹೊರಗಿನದೆಂದು ಸಾಧಿಸುವುದು ಆಗ ಕಷ್ಟವಿತ್ತು. 1980ರ ದಶಕದ ಆರಂಭದಲ್ಲಿ ಟೆಸ್ಟೋಸ್ಟಿರೋನ್ ಮತ್ತು ಎಪಿಟೆಸ್ಟೋಸ್ಟಿರೋನ್‌ಗಳ ಅನುಪಾತವನ್ನು ಅಳೆಯುವ ಪರೀಕ್ಷೆ ಬಂದಾಗ, ಎಪಿಟೆಸ್ಟೋಸ್ಟಿರೋನನ್ನೂ ಚುಚ್ಚಿ ಅನುಪಾತವನ್ನು ಸರಿದೂಗಿಸಿದರು.

ಇನ್ನೊಂದು ಕಾರಣ ಡ್ರೆಸ್ಡನ್ ಬಳಿಯ ಕ್ರೈಷಾ ಪ್ರಯೋಗಾಲಯ. ಗುಂಡು ಎಸೆತದ ಇಲೋನಾ ಸ್ಲುಪಿಯಾನೆಕ್ 1977ರಲ್ಲಿ ಹೆಲ್ಸಿಂಕಿಯ ಯುರೋಪಿಯನ್ ಕಪ್‌ನಲ್ಲಿ ಸ್ಟೀರಾಯ್ಡ್ ಬಳಸಿ ಸಿಕ್ಕಿಬಿದ್ದು ಒಂದು ವರ್ಷದ ನಿಷೇಧಕ್ಕೆ ಒಳಗಾದ ಮೇಲೆ, ವಿದೇಶಕ್ಕೆ ಹೊರಡುವ ಪ್ರತಿಯೊಬ್ಬರ ಮೂತ್ರವನ್ನೂ ಕ್ರೈಷಾದಲ್ಲಿ ಮೊದಲೇ ಪರೀಕ್ಷಿಸುವ ಏರ್ಪಾಡಾಯಿತು. ಮೂತ್ರದಲ್ಲಿ ಔಷಧದ ಕುರುಹು ಉಳಿದಿದ್ದರೆ ಆ ಕ್ರೀಡಾಪಟುವಿಗೆ ದಿಢೀರನೆ ‘ಗಾಯ’ವಾಗುತ್ತಿತ್ತು, ಪ್ರಯಾಣ ರದ್ದಾಗುತ್ತಿತ್ತು. ಉದ್ದೀಪನ ಮದ್ದನ್ನು ಪತ್ತೆಹಚ್ಚಲು ಒಲಿಂಪಿಕ್ ಸಮಿತಿಯಿಂದಲೇ ಮಾನ್ಯತೆ ಪಡೆದಿದ್ದ ಪ್ರಯೋಗಾಲಯವಿದು.

ಆಂಡ್ರಿಯಾಸ್ ಕ್ರೀಗರ್

ಹೈಡಿ ಕ್ರೀಗರ್ ಎಂಬ ಹೆಸರಿನಲ್ಲಿ ಬರ್ಲಿನ್‌ನ ಡೈನಮೊ ಕ್ಲಬ್ಬಿನಲ್ಲಿ ತರಬೇತಿ ಪಡೆದ ಗುಂಡು ಎಸೆತದ ಆಟಗಾರ್ತಿ 1986ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 21.10 ಮೀಟರ್ ಎಸೆದು ಯುರೋಪಿಯನ್ ಚಾಂಪಿಯನ್ ಆದರು. ಹದಿನಾರನೆಯ ವಯಸ್ಸಿನಿಂದ ಅವರಿಗೆ ಓರಲ್ ಟ್ಯೂರಿನಾಬಾಲ್ ಕೊಡಲಾಗಿತ್ತು. ದಾಖಲೆಗಳ ಪ್ರಕಾರ 1986ರ ಒಂದೇ ವರ್ಷದಲ್ಲಿ ಅವರ ದೇಹ ಸೇರಿದ ಸ್ಟೀರಾಯ್ಡ್‌ನ ಪ್ರಮಾಣ ಸುಮಾರು 2,600 ಮಿಲಿಗ್ರಾಂ. ದೇಹ ಪುರುಷನದರಂತೆ ಬದಲಾಯಿತು. ಬೀದಿಯಲ್ಲಿ ಜನ ಗಂಡಸೆಂದು ತಿಳಿದು ಹೀಯಾಳಿಸುವುದು ಸಾಮಾನ್ಯವಾಯಿತು. 1997ರಲ್ಲಿ ಅವರು ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆಂಡ್ರಿಯಾಸ್ ಕ್ರೀಗರ್ ಆದರು.

ತಮ್ಮ ಲಿಂಗಭಾವದ ಬಗ್ಗೆ ಬಾಲ್ಯದಿಂದಲೇ ಅನಿಶ್ಚಿತತೆ ಇತ್ತೆಂದು ಕ್ರೀಗರ್ ಹೇಳಿದ್ದಾರೆ. ತಾನು ಯಾರೆಂಬುದನ್ನು ತಾನೇ ಕಂಡುಕೊಳ್ಳುವ ಅವಕಾಶವನ್ನು ಇತರರು ಕಿತ್ತುಕೊಂಡರು ಎಂಬುದು ಅವರ ಆರೋಪ. ಔಷಧದಿಂದಲೇ ಲಿಂಗ ಬದಲಾಯಿತು ಎಂದು ಸುಲಭವಾಗಿ ಬರೆದುಬಿಡುವ ಪತ್ರಿಕಾ ಲೇಖನಗಳು ಅವರ ಈ ಮಾತನ್ನು ಗಮನಿಸುವುದಿಲ್ಲ. ಅವರು 2000ನೇ ವರ್ಷದಲ್ಲಿ ಎವಾಲ್ಡ್ ಮತ್ತು ಹ್ಯೋಪ್ನರ್ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಆ ವಿಚಾರಣೆಯ ಸಂದರ್ಭದಲ್ಲಿ ಪರಿಚಯವಾದ, ತಾವೂ ಇದೇ ಯೋಜನೆಗೆ ಬಲಿಯಾಗಿದ್ದ ಮಾಜಿ ಈಜುಗಾರ್ತಿ ಊಟೆ ಕ್ರೌಸೆ ಅವರನ್ನು ಕ್ರೀಗರ್ ಮುಂದೆ ಮದುವೆಯಾದರು.

ದಾಖಲೆಗಳು ಬೆಳಕಿಗೆ ಬಂದದ್ದು

1979ರಲ್ಲಿ ಪಶ್ಚಿಮಕ್ಕೆ ತಪ್ಪಿಸಿಕೊಂಡು ಬಂದ ಈಜುಗಾರ್ತಿ ರೆನಾಟೆ ಫೋಗೆಲ್ ಮೊದಲಾದವರು ಈ ವಿಷಯವನ್ನು ಹೇಳಿದ್ದರೂ ಲಿಖಿತ ಆಧಾರ ದೊರೆತದ್ದು ಬರ್ಲಿನ್ ಗೋಡೆ ಬಿದ್ದ ನಂತರ. ಹೈಡೆಲ್‌ಬರ್ಗ್‌ನ ಜೀವವಿಜ್ಞಾನಿ ವೆರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಮಾಜಿ ಡಿಸ್ಕಸ್ ಎಸೆತಗಾರ್ತಿ ಬ್ರಿಗಿಟೆ ಬೆರೆಂಡಾಂಕ್ 1990ರಲ್ಲಿ ಬಾಡ್ ಸಾರೊ ಎಂಬಲ್ಲಿದ್ದ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಗೋಪ್ಯ ಮಹಾಪ್ರಬಂಧಗಳನ್ನು ಪತ್ತೆಮಾಡಿದರು. ಯಾವ ಕ್ರೀಡಾಪಟುವಿಗೆ ಯಾವಾಗ ಎಷ್ಟು ಮಿಲಿಗ್ರಾಂ ಕೊಟ್ಟು ಎಷ್ಟು ಸುಧಾರಣೆ ಕಂಡಿತು ಎಂಬ ಕೋಷ್ಟಕಗಳು ಅವುಗಳಲ್ಲಿದ್ದವು. ಬೆರೆಂಡಾಂಕ್ ಅವರ ಪುಸ್ತಕ 1991ರಲ್ಲಿ ಪ್ರಕಟವಾಯಿತು. ಸ್ಟಾಸಿಯ ಕಡತಗಳನ್ನೂ ಬಳಸಿಕೊಂಡು ದಂಪತಿಗಳಿಬ್ಬರೂ 1997ರಲ್ಲಿ ‘ಕ್ಲಿನಿಕಲ್ ಕೆಮಿಸ್ಟ್ರಿ’ ಪತ್ರಿಕೆಯಲ್ಲಿ ವಿಸ್ತಾರವಾದ ಲೇಖನ ಬರೆದರು. ಪೂರ್ವ ಜರ್ಮನಿಯ ಆಡಳಿತವು ಎಲ್ಲವನ್ನೂ ಬರೆದಿಡುವ ತನ್ನ ಅಭ್ಯಾಸದಿಂದಲೇ ತನ್ನ ವಿರುದ್ಧದ ಸಾಕ್ಷ್ಯವನ್ನು ಸಿದ್ಧಪಡಿಸಿಕೊಟ್ಟಿತ್ತು.

ವಿಚಾರಣೆ ಮತ್ತು ಪರಿಹಾರ

ಡೈನಮೊ ಕ್ಲಬ್ಬಿನ ಈಜು ತರಬೇತುದಾರರು ಮತ್ತು ವೈದ್ಯರ ಮೇಲಿನ ವಿಚಾರಣೆ 1998ರಲ್ಲಿ ಬರ್ಲಿನ್‌ನಲ್ಲಿ ಆರಂಭವಾಗಿ ಹೆಚ್ಚಾಗಿ ದಂಡದಲ್ಲಿ ಮುಗಿಯಿತು. 2000ದ ಜುಲೈ 18ರಂದು ಎವಾಲ್ಡ್‌ಗೆ 22 ತಿಂಗಳ, ಹ್ಯೋಪ್ನರ್‌ಗೆ 18 ತಿಂಗಳ ಸೆರೆವಾಸ ವಿಧಿಸಲಾಯಿತು. ಇಪ್ಪತ್ತು ಪ್ರಕರಣಗಳಲ್ಲಿ ದೈಹಿಕ ಹಾನಿಗೆ ನೆರವಾದ ಅಪರಾಧ ಸಾಬೀತಾಗಿತ್ತು. ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿದ್ದರಿಂದ ಇಬ್ಬರೂ ಜೈಲಿಗೆ ಹೋಗಲಿಲ್ಲ.

ಜರ್ಮನ್ ಸಂಸತ್ತು 2002ರಲ್ಲಿ ಸಂತ್ರಸ್ತರ ನೆರವಿನ ಕಾನೂನನ್ನು ಮಾಡಿತು. ಅದರಡಿ 194 ಮಂದಿಗೆ ತಲಾ ಸುಮಾರು 10,400 ಯೂರೊ ದೊರೆಯಿತು. ಅಷ್ಟರಲ್ಲಿ ಷೆರಿಂಗ್ ಕಂಪನಿಯ ಒಡೆತನಕ್ಕೆ ಸೇರಿದ್ದ ಯೇನಾಫಾರ್ಮ್, ತಾನು ಕಾನೂನುಬದ್ಧ ಔಷಧವನ್ನು ತಯಾರಿಸಿದ್ದಷ್ಟೇ, ದುರ್ಬಳಕೆ ಸರ್ಕಾರದ್ದು ಎಂದು ವಾದಿಸಿತು. ಕೊನೆಗೆ 2006ರ ಒಪ್ಪಂದದಂತೆ ಸಂತ್ರಸ್ತರಿಗೆ ತಲಾ 9,250 ಯೂರೊ ನೀಡಿತು. 2016ರ ಎರಡನೆಯ ಕಾನೂನಿನಲ್ಲಿ ತಲಾ 10,500 ಯೂರೊ ನಿಗದಿಯಾಯಿತು. ಯಕೃತ್ತಿನ ಕಾಯಿಲೆ, ಗರ್ಭಪಾತ, ಬೆನ್ನೆಲುಬಿನ ನೋವುಗಳೊಂದಿಗೆ ಬದುಕು ಸಾಗಿಸುತ್ತಿರುವವರಿಗೆ ಈ ಮೊತ್ತ ಬಹಳ ಚಿಕ್ಕದು.

ಪದಕಗಳ ಪ್ರಶ್ನೆ

ದಾಖಲೆಗಳು ಹೊರಬಂದ ನಂತರ ಪದಕಗಳ ಮರುಹಂಚಿಕೆಗೆ ಅಮೆರಿಕ ಮತ್ತು ಬ್ರಿಟನ್‌ನಿಂದ ಒತ್ತಾಯ ಬಂದಿತು. ಬ್ರಿಟನ್‌ನ ಷರಾನ್ ಡೇವೀಸ್ 1980ರಲ್ಲಿ 400 ಮೀಟರ್ ಮೆಡ್ಲಿ ಈಜಿನಲ್ಲಿ ಎರಡನೆಯವರಾಗಿದ್ದರು. ಹತ್ತು ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದಿದ್ದ ಪೆಟ್ರಾ ಷ್ನೈಡರ್ ತಮಗೆ ಸ್ಟೀರಾಯ್ಡ್ ನೀಡಲಾಗಿತ್ತೆಂದು ಮುಂದೆ ತಾವೇ ಒಪ್ಪಿಕೊಂಡರು. ಆದರೆ ಒಲಿಂಪಿಕ್ ಸಮಿತಿ 1998ರಲ್ಲಿ ಬೇಡಿಕೆಯನ್ನು ನಿರಾಕರಿಸಿತು. ಫಲಿತಾಂಶಗಳು ಇಂದಿಗೂ ಮೊದಲಿದ್ದಂತೆಯೇ ಇವೆ.

ಓಟಗಾರ್ತಿ ಮತ್ತು ಲೇಖಕಿ ಈನೆಸ್ ಗೈಪೆಲ್ ಬೇರೆ ದಾರಿ ಹಿಡಿದರು. ಯೇನಾ ನಗರದ ಕ್ಲಬ್ಬಿನ ಪರವಾಗಿ 1984ರಲ್ಲಿ ತಾವು ಪಾಲ್ಗೊಂಡು ಸ್ಥಾಪಿಸಿದ್ದ 4×100 ಮೀಟರ್ ರಿಲೇ ದಾಖಲೆಯಿಂದ ತಮ್ಮ ಹೆಸರನ್ನು ತೆಗೆದುಹಾಕುವಂತೆ 2005ರಲ್ಲಿ ಅವರೇ ಕೇಳಿಕೊಂಡರು. ಜರ್ಮನ್ ಅಥ್ಲೆಟಿಕ್ಸ್ ಸಂಸ್ಥೆಯ ಪಟ್ಟಿಯಲ್ಲಿ ಅವರ ಹೆಸರಿನ ಜಾಗದಲ್ಲಿ ಈಗ ಒಂದು ನಕ್ಷತ್ರ ಚಿಹ್ನೆಯಿದೆ.

ಪತ್ತೆ ವಿಧಾನದ ಸುಧಾರಣೆ

ಔಷಧವು ದೇಹದಲ್ಲಿ ವಿಭಜನೆಯಾಗಿ ಹಲವು ಉಪಪದಾರ್ಥಗಳಾಗಿ ಮೂತ್ರದ ಮೂಲಕ ಹೊರಹೋಗುತ್ತದೆ. ಹಳೆಯ ವಿಧಾನಗಳಿಗೆ ಕೆಲವೇ ದಿನಗಳಲ್ಲಿ ಮರೆಯಾಗುವ ಉಪಪದಾರ್ಥಗಳು ಮಾತ್ರ ಸಿಗುತ್ತಿದ್ದವು. ಮಾಸ್ಕೊ ಪ್ರಯೋಗಾಲಯದ ಟಿಮೊಫೆಯ್ ಸೊಬೊಲೆವ್‌ಸ್ಕಿ ಮತ್ತು ಗ್ರಿಗರಿ ರೊಡ್ಚೆಂಕೊವ್ 2012ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಸ್ಥಿತಿಯನ್ನು ಬದಲಿಸಿತು. ಅವರು ಗುರುತಿಸಿದ, ಎಂ3 ಎಂದು ಕರೆಯಲಾಗುವ ಉಪಪದಾರ್ಥವು ಸೇವನೆಯಾಗಿ ಒಂದು ತಿಂಗಳು ಮೀರಿದ ಮೇಲೂ ಮೂತ್ರದಲ್ಲಿ ಉಳಿದಿರುತ್ತದೆ.

ಒಲಿಂಪಿಕ್ ಸಮಿತಿಯು 2008ರ ಬೀಜಿಂಗ್ ಮತ್ತು 2012ರ ಲಂಡನ್ ಕ್ರೀಡಾಕೂಟಗಳ ಮಾದರಿಗಳನ್ನು ಶೈತ್ಯಾಗಾರದಲ್ಲಿ ಕಾದಿರಿಸಿತ್ತು. ಹೊಸ ವಿಧಾನದಿಂದ ಅವುಗಳನ್ನು ಮರುಪರೀಕ್ಷಿಸಿದಾಗ ನೂರಕ್ಕೂ ಹೆಚ್ಚು ಕ್ರೀಡಾಪಟುಗಳು ಸಿಕ್ಕಿಬಿದ್ದರು. ಬಹಳಷ್ಟು ಪ್ರಕರಣಗಳಲ್ಲಿ ಕಂಡದ್ದು ಓರಲ್ ಟ್ಯೂರಿನಾಬಾಲ್ ಅಥವಾ ಸ್ಟಾನೊಜೊಲಾಲ್. ಭಾರ ಎತ್ತುವ ಸ್ಪರ್ಧೆಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಕಜಕಸ್ತಾನದ ಇಲ್ಯಾ ಇಲ್ಯಿನ್ ಎರಡೂ ಒಲಿಂಪಿಕ್ಸ್‌ಗಳ ಚಿನ್ನವನ್ನು ಕಳೆದುಕೊಂಡರು. ಲಂಡನ್‌ನಲ್ಲಿ 63 ಕೆ.ಜಿ. ವಿಭಾಗದಲ್ಲಿ ಮೂರನೆಯವರಾಗಿದ್ದ ಕೆನಡಾದ ಕ್ರಿಸ್ಟೀನ್ ಗಿರಾರ್ಡ್‌ಗೆ, ಮುಂದಿದ್ದ ಇಬ್ಬರೂ ಸ್ಟೀರಾಯ್ಡ್ ಬಳಕೆಗಾಗಿ ಅನರ್ಹರಾದ ಕಾರಣ, 2018ರಲ್ಲಿ ಚಿನ್ನದ ಪದಕ ಕೈಸೇರಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು.

ಈ ಕಥೆಗೆ ಇನ್ನೊಂದು ಮುಖವಿದೆ. ಪತ್ತೆ ವಿಧಾನವನ್ನು ಕಂಡುಹಿಡಿದ ರೊಡ್ಚೆಂಕೊವ್ ಅದೇ ಅವಧಿಯಲ್ಲಿ ರಷ್ಯಾದ ಕ್ರೀಡಾಪಟುಗಳಿಗಾಗಿ ‘ಡಚೆಸ್’ ಎಂಬ ಸ್ಟೀರಾಯ್ಡ್ ಮಿಶ್ರಣವನ್ನೂ ತಯಾರಿಸಿದ್ದನು. ಅದನ್ನು ಪುರುಷರಿಗೆ ವಿಸ್ಕಿಯಲ್ಲಿಯೂ ಮಹಿಳೆಯರಿಗೆ ವರ್ಮತ್ ಎಂಬ ಮದ್ಯದಲ್ಲಿಯೂ ಕರಗಿಸಿ ಕೊಡಲಾಗುತ್ತಿತ್ತು. ರಿಚರ್ಡ್ ಮೆಕ್‌ಲಾರೆನ್ ಅವರ 2016ರ ತನಿಖಾ ವರದಿಯ ಪ್ರಕಾರ ಆರಂಭದ ಮಿಶ್ರಣದಲ್ಲಿ ಓರಲ್ ಟ್ಯೂರಿನಾಬಾಲ್ ಇತ್ತು. ಲಂಡನ್ ಕ್ರೀಡಾಕೂಟದ ನಂತರ ಅದರ ಬದಲಿಗೆ ಟ್ರೆನ್‌ಬೊಲೋನ್ ಸೇರಿತು.

ಪರೀಕ್ಷೆ ಅತಿ ಸೂಕ್ಷ್ಮವಾದಂತೆ ಹೊಸ ವಿವಾದಗಳೂ ಹುಟ್ಟಿವೆ. ಅಮೆರಿಕದ ಮಿಶ್ರ ಸಮರಕಲೆಯ ಪಟು ಜಾನ್ ಜೋನ್ಸ್ ಅವರ 2017ರ ಮಾದರಿಯಲ್ಲಿ ಎಂ3 ಕಂಡುಬಂದು ಅವರು ಹದಿನೈದು ತಿಂಗಳ ನಿಷೇಧ ಅನುಭವಿಸಿದರು. 2018ರ ಕೊನೆಯಲ್ಲಿಯೂ ಅವರ ಮೂತ್ರದಲ್ಲಿ ಪಿಕೊಗ್ರಾಂ ಮಟ್ಟದ ಕುರುಹು ಕಾಣಿಸಿತು. ಒಂದು ಪಿಕೊಗ್ರಾಂ ಎಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಅದು ಹಳೆಯ ಸೇವನೆಯ ಉಳಿಕೆಯೆಂದೂ ಹೊಸ ಸೇವನೆಗೆ ಪುರಾವೆಯಿಲ್ಲವೆಂದೂ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ತೀರ್ಮಾನಿಸಿತು.

ಕಾನೂನಿನ ಸ್ಥಿತಿ

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಓರಲ್ ಟ್ಯೂರಿನಾಬಾಲ್ ಅನಬಾಲಿಕ್ ಪದಾರ್ಥಗಳ ವರ್ಗದಲ್ಲಿದೆ. ಸ್ಪರ್ಧೆಯ ದಿನಗಳಲ್ಲಿ ಮಾತ್ರವಲ್ಲದೆ ವರ್ಷದ ಎಲ್ಲ ಕಾಲದಲ್ಲಿಯೂ ಇದರ ಸೇವನೆಗೆ ನಿಷೇಧವಿದೆ. ಅಮೆರಿಕದಲ್ಲಿ ಅನಬಾಲಿಕ್ ಸ್ಟೀರಾಯ್ಡ್‌ಗಳು ಮೂರನೆಯ ಪಟ್ಟಿಯ ನಿಯಂತ್ರಿತ ವಸ್ತುಗಳು. ಭಾರತದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, ವಿಶ್ವ ಸಂಸ್ಥೆಯ ಪಟ್ಟಿಯನ್ನೇ ಅನುಸರಿಸುತ್ತದೆ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯು ಈ ವ್ಯವಸ್ಥೆಗೆ ಶಾಸನದ ಬಲ ನೀಡಿದೆ. ಸಂಸ್ಥೆಯ ನಿಯಮಗಳ ಪ್ರಕಾರ ತನ್ನ ದೇಹದಲ್ಲಿ ಕಂಡುಬಂದ ಪದಾರ್ಥಕ್ಕೆ ಕ್ರೀಡಾಪಟುವೇ ಹೊಣೆ. ಗೊತ್ತಿಲ್ಲದೆ ಸೇವಿಸಿದ್ದನ್ನು ಸಾಬೀತುಪಡಿಸಿದರೆ ನಿಷೇಧದ ಅವಧಿ ತಗ್ಗಬಹುದು. ಅಪ್ರಾಪ್ತ ವಯಸ್ಕರಿಗೆ ಮದ್ದು ನೀಡಿದ ತರಬೇತುದಾರರಿಗೂ ವೈದ್ಯರಿಗೂ ಜೀವಾವಧಿ ನಿಷೇಧದವರೆಗೆ ಶಿಕ್ಷೆ ವಿಧಿಸಲು ಅವಕಾಶವಿದೆ.